ಬಣ್ಣ ತಿರುಗಿದ ಮಾತ್ರಕ್ಕೆ ಔಷಧಿ ಆಗುವುದಿಲ್ಲ

ಬೇವಿನೆಲೆಯ ಕಷಾಯದಿಂದ ಬೆಳ್ಳಿಯ ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣ, ಮಾಡುವ ಬಗ್ಗೆ ಬಂದ ಲೇಖನವೊಂದನ್ನು ಓದಿದೆ. ವಿಧಾನವನ್ನು ಅದು ಚೆನ್ನಾಗಿ ವಿವರಿಸಿದೆ. ಆದರೆ ಇದು ‘ರಾಸಾಯನಿಕವೇ ಇಲ್ಲದ ವಿಧಾನ’ ಎಂಬ ಅದರ ಮಾತು ಒಪ್ಪಲಾಗಲಿಲ್ಲ. ಬೆಳ್ಳಿ ಬರುವುದು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದಿಂದ ತಾನೆ? ಅದು ಕೈಗೆ ತಾಗಿದರೆ ಕಪ್ಪು ಕಲೆ ಎಷ್ಟು ತಿಕ್ಕಿದರೂ ಹೋಗದು. ಎಲೆಯ ರಸದಲ್ಲಿರುವ ಫೀನಾಲ್ ಜಾತಿಯ ವಸ್ತುಗಳು, ಪ್ರೋಟೀನು ಮುಂತಾದವು ಬೆಳ್ಳಿಯ ಅಯಾನುಗಳಿಗೆ (ವಿದ್ಯುದಾವೇಶವಿರುವ ಪರಮಾಣುಗಳಿಗೆ) ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ, ಕಣಗಳು ಒಂದಕ್ಕೊಂದು ಅಂಟದಂತೆ ಮೇಲೊಂದು ಹೊದಿಕೆಯನ್ನೂ ಹಾಕುತ್ತವೆ. ಇದೇ ಕೆಲಸಕ್ಕೆ ಪ್ರಯೋಗಾಲಯದಲ್ಲಿ ಬಳಸುವ ಬೋರೋಹೈಡ್ರೈಡ್‌ನಂಥ ಕಟು ವಸ್ತು ತಪ್ಪುತ್ತದೆ, ಅಷ್ಟೇ. ಅದೇನೂ ಸಣ್ಣ ಲಾಭವಲ್ಲ ಬಿಡಿ.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿಯವರ ತಂಡ ಬೇವಿನ ಪ್ರಯೋಗವನ್ನು ಪ್ರಕಟಿಸಿದ್ದು 2004ರಲ್ಲಿ. ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆ ತುಳಸಿ ಹಿಡಿದಿದ್ದೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿ, ಅದು ಬೆಳಕನ್ನು ಹೀರುವ ನಕ್ಷೆಯಲ್ಲಿ 420 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಬೆಳ್ಳಿಯ ಕಣಗಳ ಗುರುತಾದ ಶಿಖರ ಎದ್ದಾಗ ಆದ ಖುಷಿ ಈಗಲೂ ನೆನಪಿದೆ. ಮಳೆಗಾಲದ ಎಲೆ ತಂದು ಅದನ್ನೇ ಮತ್ತೆ ಮಾಡಿದರೆ ಶಿಖರವೇ ಬೇರೆ ಕಡೆ! ಗಿಡ, ಮಣ್ಣು, ಋತು ಬದಲಾದರೆ ರಸವೂ ಬದಲು, ಕಣದ ಗಾತ್ರವೂ ಬದಲು. ಪ್ರತಿ ತಯಾರಿಕೆಯೂ ಒಂದೇ ರೀತಿ ಇರದಿದ್ದರೆ ಅದನ್ನು ಔಷಧಿ ಅನ್ನುವುದು ಹೇಗೆ?

ಪ್ರಯೋಗಾಲಯದ ಪೆಟ್ರಿ ತಟ್ಟೆಯಲ್ಲಿ ಈ ಕಣಗಳಿಂದ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಪ್ರಮಾಣ ಏರಿದರೆ ನಮ್ಮ ಜೀವಕೋಶಗಳೂ ಸಾಯುತ್ತವೆ. ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡೈಜೀನ್ ಮುಲಾಮು ಹಚ್ಚುವುದು ಬೇರೆ, ಬೆಳ್ಳಿಯ ಕಣಗಳಿರುವ ನೀರು ಕುಡಿಯುವುದು ಬೇರೆ. ದಿನಾ ಕುಡಿದವರ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಿದ ಉದಾಹರಣೆಗಳಿವೆ, ಆ ಬಣ್ಣ ಮತ್ತೆ ಹೋಗುವುದಿಲ್ಲ. ಲೇಖನ ಓದಿ ಮನೆಯಲ್ಲೇ ಮಾಡಿ ಕುಡಿಯೋಣ ಅಂದುಕೊಂಡವರಿದ್ದರೆ, ದಯವಿಟ್ಟು ಬೇಡ.