ಗಿರಿಜಾ ಮೀಸೆಯ ಕಮಾಂಡು

ನಿನ್ನೆ ರಾತ್ರಿ ಹತ್ತೂವರೆಗೆ ಫೋನು. ಟೀಮಿಗೆ ಹೊಸದಾಗಿ ಸೇರಿದ ದಾವಣಗೆರೆ ಹುಡುಗ. "ಅಕ್ಕಾ, ಡಾಲರ್ ಸಿಗ್ತಿಲ್ಲ ಅಂತೈತಿ."

ಡಾಲರ್ಸ್ ಕಾಲೊನಿಯಲ್ಲಿ ಹುಡುಕಪ್ಪ ಅನ್ನೋಣ ಅನ್ನಿಸಿತು. ಪಾಪ, ಅವನ ತಪ್ಪಿಲ್ಲ. ನಮ್ಮ ಟೂಲಿನ ಡಾಕ್ಯುಮೆಂಟಿನಲ್ಲಿ ಪ್ರತಿ ಕಮಾಂಡಿನ ಮುಂದೂ ಒಂದು ಡಾಲರ್ ಚಿಹ್ನೆ ಇದೆ. ಅದು ಟರ್ಮಿನಲ್ಲು (ಕಂಪ್ಯೂಟರಿಗೆ ಕಮಾಂಡು, ಅಂದ್ರೆ ಅಪ್ಪಣೆ, ಟೈಪ್ ಮಾಡೋ ಕಿಟಕಿ) 'ಹೇಳು, ಏನಾಗ್ಬೇಕು' ಅಂತ ಕೇಳುವ ಗುರುತು, ಟೈಪ್ ಮಾಡೋಕಲ್ಲ. ಹುಡುಗ ಅದನ್ನೂ ಸೇರಿಸಿ ಕಾಪಿ ಹೊಡೆದಿದ್ದ. ನಾವೆಲ್ಲ ಹೊಡೆದವರೇ, ಅಲ್ವಾ?

ಡಾಲರ್ ತೆಗೆಸಿದೆ. ಮುಂದಿನ ಸಾಲಿಗೆ ಗಿಟ್, ಅಂದ್ರೆ ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರು, ಮುನಿಸಿಕೊಂಡಿತು. ಇದು ಮಾತ್ರ ನಮ್ಮ ಮ್ಯಾನೇಜರ್ ಸರ್ ಕೈಚಳಕ.

ಸರ್ ಏನನ್ನೂ ಕಾಪಿ ಮಾಡುವುದಿಲ್ಲ. ಎಲ್ಲವನ್ನೂ ವರ್ಡ್ ಪ್ರೊಸೆಸರಿನಲ್ಲಿ ಹೊಸದಾಗಿ ಟೈಪ್ ಮಾಡುತ್ತಾರೆ, ಲಗ್ನಪತ್ರಿಕೆ ಮಾಡಿದ ಹಾಗೆ. ಅಲ್ಲಿ ನೆಟ್ಟಗೆ ನಿಂತ ಕೋಟ್ ಚಿಹ್ನೆ (ಉದ್ಧರಣ ಚಿಹ್ನೆ) ತಾನಾಗಿ ಗಿರಿಜಾ ಮೀಸೆ ತಿರುವಿಕೊಳ್ಳುತ್ತದೆ. ಎರಡು ಹೈಫನ್ ಅಂಟಿಕೊಂಡು ಒಂದು ಉದ್ದ ಗೆರೆಯಾಗುತ್ತದೆ. ನೋಡೋಕೆ ಚೆಂದ. ಆದರೆ ಟರ್ಮಿನಲ್ಲಿನೊಳಗೆ ಕಮಾಂಡು ಓದೋ ಬ್ಯಾಷ್‌ಗೆ ಮೀಸೆಯ ಕೋಟು ಪದಗಳನ್ನು ಒಟ್ಟಿಗೆ ಕಟ್ಟಿಡೋ ಕೋಟೇ ಅಲ್ಲ, ಸುಮ್ನೆ ಇನ್ನೊಂದು ಅಕ್ಷರ. ಕಮಿಟ್ ಮೆಸೇಜಿನಲ್ಲಿ, ಅಂದ್ರೆ ಏನು ಬದಲಾಯಿಸಿದೆ ಅಂತ ಗಿಟ್‌ಗೆ ಬರೆದಿಡೋ ಟಿಪ್ಪಣಿಯಲ್ಲಿ, ಎರಡು ಪದ ಇದ್ದರೆ ಮೊದಲನೆಯದಷ್ಟೇ ಮೆಸೇಜು. ಎರಡನೆಯದು ಫೈಲಿನ ಹೆಸರು ಅಂದುಕೊಂಡು ಗಿಟ್ ಹುಡುಕುತ್ತದೆ, ಅಂಥದ್ದು ಯಾವುದೂ ಇಲ್ಲ ಅಂತ ಕೈಯಾಡಿಸುತ್ತದೆ.

ಆ ಡಾಕ್ಯುಮೆಂಟನ್ನು ನಾಲ್ಕು ಸಲ ತಿದ್ದಿದ್ದೇನೆ. ನಾಲ್ಕು ಸಲವೂ ಸರ್ "ಒಂದ್ಸಲ ಕಣ್ಣಾಡಿಸಿ ಕೊಡ್ತೀನಿ ಇರಿ" ಅಂದಿದ್ದಾರೆ. ಅವರ ಕಣ್ಣು ಆಡಿದ ಕಡೆಯೆಲ್ಲ ಮೀಸೆ ಬೆಳೆಯುತ್ತೆ.

"ಸರ್, ಕೋಟು ನೆಟ್ಟಗಿರಬೇಕು" ಅಂದೆ.

"ನೆಟ್ಟಗೇ ಇದೆಯಲ್ಲಮ್ಮ" ಅಂತ ಕನ್ನಡಕ ಏರಿಸಿದರು.

400% ಝೂಮ್ ಮಾಡಿ ತೋರಿಸಿದೆ. ಬಗ್ಗಿ ನೋಡಿದರು. "ದೊಡ್ಡದು ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತೆ, ಅಲ್ವಾ?"

ನನ್ನ ಮೊದಲ ಕೆಲಸದಲ್ಲಿ, ಜಯನಗರದ ಪುಟ್ಟ ಆಫೀಸಿನಲ್ಲಿ, ಸೀನಿಯರ್ ಒಬ್ಬರು ಕಮಾಂಡುಗಳನ್ನು ಗೆರೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟಿದ್ದರು. ಪಕ್ಕದಲ್ಲಿ ಬಾಣ ಹಾಕಿ, 'ಇಲ್ಲಿ ಎರಡು ಗೆರೆ, ಮಧ್ಯೆ ಜಾಗ ಬಿಡಬೇಡ.' ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅವರು ಈಗ ಎಲ್ಲಿದ್ದಾರೋ.

ಹುಡುಗನಿಗೆ ಫೋನಿನಲ್ಲೇ ಒಂದೊಂದೇ ಅಕ್ಷರ ಹೇಳಿ ಮುಗಿಸುವಾಗ ಹನ್ನೆರಡು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಐದನೇ ಸಲ ತಿದ್ದಿದೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂತಿದ್ದಾಗ ಸರ್ ಮೆಸೇಜು ಬಂತು.

"ವೆರಿ ಗುಡ್. ನೋಡೋಕೆ ಸ್ವಲ್ಪ ಡಲ್ ಇತ್ತು, ಸರಿ ಮಾಡಿದ್ದೀನಿ."