ಇನ್ನೊಂದು ಕಿವಿ ಇದೆಯಲ್ಲ ಅನ್ನುವವರಿಗೆ

ನನಗೆ ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ ಅಂದರೆ ಜನ ಏನು ಹೇಳುತ್ತಾರೆ ಅನ್ನುವುದು ನನಗೆ ಬಾಯಿಪಾಠ. "ಇನ್ನೊಂದು ಚೆನ್ನಾಗಿದೆ ಅಲ್ವಾ? ಮತ್ತೇನು ಬಿಡಿ." ಸಮಾಧಾನಕ್ಕೇ ಹೇಳುತ್ತಾರೆ, ಗೊತ್ತು. ಆದರೆ ಈ 'ಮತ್ತೇನು ಬಿಡಿ' ಅನ್ನುವ ಉದಾಸೀನವೇ ನನ್ನ ಎಡಗಿವಿಯನ್ನು ತಿಂದಿದ್ದು. ನಮ್ಮೂರಲ್ಲಿ ಇನ್ನೂ ಎಷ್ಟೋ ಮಕ್ಕಳ ಕಿವಿಯನ್ನು ತಿನ್ನುತ್ತಿರುವುದೂ ಅದೇ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತಾದಾಗ ಓದಿ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಲ್ಲಿ ಬಟ್ಟೆಯೂ ಒಣಗುವುದಿಲ್ಲ, ಮಕ್ಕಳ ಮೂಗೂ ಒಣಗುವುದಿಲ್ಲ. ನನಗೆ ಶೀತ ಆದರೆ ಎರಡು ದಿನ ಬಿಟ್ಟು ಕಿವಿ ಶುರು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಳಿಕೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಡ್ಡ. ಮೂಗಿನ ಸೋಂಕು ಸಲೀಸಾಗಿ ಕಿವಿಗೆ ದಾಟುತ್ತದೆ. ಒಳಗೆ ಕೀವು ತುಂಬಿ, ಒತ್ತಡ ತಡೆಯದೆ ಕಿವಿಯ ತಮಟೆ, ಅಂದರೆ ನಡುಗಿವಿಯ ಮುಂದಿರುವ ತೆಳು ಪೊರೆ, ಹರಿದುಹೋಗುತ್ತದೆ. ಹರಿದ ಮೇಲೆ ನೋವು ಇಳಿಯುತ್ತದೆ. ರಾತ್ರಿಯೆಲ್ಲ ಅತ್ತ ಮಗು ನಿದ್ದೆ ಮಾಡುತ್ತದೆ, ಮನೆಯವರಿಗೆ 'ಸದ್ಯ ವಾಸಿ ಆಯಿತು' ಅನಿಸುತ್ತದೆ. ಬಹಳಷ್ಟು ಸಲ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನನ್ನದು ಮುಚ್ಚಲಿಲ್ಲ.

ಆಮೇಲೆ ವರ್ಷಗಟ್ಟಲೆ ಸೋರಿತು. ನೋವಿಲ್ಲ, ಜ್ವರ ಇಲ್ಲ, ಸುಮ್ನೆ ಸೋರುತ್ತದೆ. ಅದೇ ಈ ಕಾಯಿಲೆಯ ಕಿತಾಪತಿ. ನೋವಿಲ್ಲದ್ದಕ್ಕೆ ಯಾರು ಗದ್ದೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ? ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ ಬಿಡುತ್ತಿದ್ದರು. "ಮಕ್ಕಳಿಗೆ ಕಿವಿ ಸೋರೋದು ಇದ್ದಿದ್ದೇ, ದೊಡ್ಡೋಳಾದ್ರೆ ಹೋಗುತ್ತೆ" ಅನ್ನುತ್ತಿದ್ದರು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಸಿಟ್ಟು ಬರುವುದು ಈಗ ಮೊಬೈಲಿನಲ್ಲಿ ಅದೇ ಎಣ್ಣೆಯ ವಿಡಿಯೊ ಕಳಿಸುವವರ ಮೇಲೆ. ತಮಟೆ ತೂತಾಗಿರುವ ಕಿವಿಗೆ ಬಿಟ್ಟ ಎಣ್ಣೆ ನೇರ ನಡುಗಿವಿಗೆ ಹೋಗುತ್ತದೆ ಸ್ವಾಮಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸೂ ಅಷ್ಟೇ. ಜೆಂಟಾಮೈಸಿನ್, ನಿಯೋಮೈಸಿನ್ ಥರದ ಔಷಧಿ ಇರುವ ಹನಿಗಳು ತೂತಿನಿಂದ ಒಳಗೆ ಹೋದರೆ ಒಳಗಿವಿಗೇ ಪೆಟ್ಟು ಕೊಡಬಹುದು.

ಶಾಲೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸೋರುವ ಕಿವಿಗೆ ವಾಸನೆ ಇರುತ್ತದೆ. ಪಕ್ಕದಲ್ಲಿ ಕೂರುವವರು ಜಾಗ ಬದಲಾಯಿಸುತ್ತಾರೆ. ನನ್ನನ್ನು ಕೊನೆ ಬೆಂಚಿಗೆ ಕೂರಿಸಿದ್ದರು, ಅಲ್ಲಿಗೆ ಪಾಠವೂ ಕೇಳಿಸುತ್ತಿರಲಿಲ್ಲ. 'ಕೆಪ್ಪಿ' ಅನ್ನುವ ಹೆಸರೂ ಬಂತು.

ಪಿಯುಸಿಗೆ ಶಿವಮೊಗ್ಗಕ್ಕೆ ಬಂದ ಮೇಲೆ ಮೊದಲ ಸಲ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿದ್ದು. ಅವರು ಟ್ಯೂನಿಂಗ್ ಫೋರ್ಕನ್ನು, ಅಂದರೆ ತಟ್ಟಿದರೆ ನಾದ ಬರುವ ಕವಲು ಕಡ್ಡಿಯನ್ನು, ಮೊಣಕೈಗೆ ತಟ್ಟಿ, ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು. "ಯಾವ ಕಡೆ ಜಾಸ್ತಿ ಕೇಳ್ತಿದೆಯಮ್ಮಾ?" ನನಗೆ ಗಾಬರಿ. ಕೇಳುತ್ತಿದ್ದದ್ದು ಎಡಗಡೆ, ಅಂದರೆ ಕೆಟ್ಟ ಕಿವಿಯಲ್ಲೇ! ತಪ್ಪು ಹೇಳುತ್ತಿದ್ದೀನೇನೋ ಅಂತ ಬಲಗಡೆ ಅನ್ನಲು ಹೊರಟಿದ್ದೆ. ಅವರು ನಕ್ಕು, ಅದು ಸರಿಯೇ ಅಂದರು. ಮೂಳೆಯ ಮೂಲಕ ಬಂದ ಶಬ್ದ ನೇರ ಒಳಗಿವಿಗೆ ಹೋಗುತ್ತದೆ. ದಾರಿ ಕಟ್ಟಿಕೊಂಡಿರುವ ಕಿವಿಗೆ ಹೊರಗಿನ ಗದ್ದಲದ ಅಡ್ಡಿ ಇಲ್ಲ, ಹಾಗಾಗಿ ಅಲ್ಲೇ ಜೋರಾಗಿ ಕೇಳಿಸುತ್ತದೆ. ನರ ಚೆನ್ನಾಗಿದೆ, ಕೆಟ್ಟಿರುವುದು ದಾರಿ ಅಂತ ಇದರಿಂದ ಗೊತ್ತಾಗುತ್ತದಂತೆ. ಒಂದು ಕಬ್ಬಿಣದ ಕವಲಿನಿಂದ ಇಷ್ಟು ತಿಳಿಯುತ್ತದೆ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಮೂಳೆ ಇವೆ, ಶಾಲೆಯಲ್ಲಿ ಓದಿರುತ್ತೀರಿ. ರಿಕಾಪು ಅಕ್ಕಿಕಾಳಿಗಿಂತ ಚಿಕ್ಕದು, ಮೈಯಲ್ಲೇ ಅತಿ ಸಣ್ಣ ಮೂಳೆ. ತಮಟೆಯಿಂದ ಶಬ್ದವನ್ನು ಒಳಗಿವಿಗೆ ದಾಟಿಸುವ ಸರಪಳಿ ಇದು. ನನ್ನ ಕಿವಿಯಲ್ಲಿ ಅಡಿಗಲ್ಲು ಆಗಲೇ ಸವೆದುಹೋಗಿತ್ತು. ಕಾರಣ ಕೊಲೆಸ್ಟಿಯಟೋಮ. ಹೆಸರು ಕೇಳಿ ಹೆದರಬೇಡಿ, ಕ್ಯಾನ್ಸರ್ ಅಲ್ಲ. ರಕ್ತದ ಕೊಲೆಸ್ಟ್ರಾಲಿಗೂ ಇದಕ್ಕೂ ಸಂಬಂಧ ಇಲ್ಲ. ಕಿವಿಯ ಚರ್ಮ ಇರಬಾರದ ಕಡೆ, ಅಂದರೆ ತಮಟೆಯ ಒಳಗೆ ಬೆಳೆದು, ಸಿಪ್ಪೆ ಸಿಪ್ಪೆಯಾಗಿ ತುಂಬಿಕೊಂಡು, ಸುತ್ತಲಿನ ಮೂಳೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಮುಖದ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಮೇಲೆ ತೆಳು ಮೂಳೆಯ ಆಚೆ ಮೆದುಳು. ಮಾತ್ರೆಗೆ, ಹನಿಗೆ ಇದು ಹೋಗುವುದಿಲ್ಲ, ಆಪರೇಷನ್ನೇ ಆಗಬೇಕು. ಕಿವಿಯ ಹಿಂದೆ ಕೊಯ್ದು, ಅಲ್ಲಿನ ಮೂಳೆ ಕೊರೆದು, ಒಳಗಿನ ಕಸವನ್ನೆಲ್ಲ ತೆಗೆದರು. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳು ಪೊರೆ ತೆಗೆದು ಹೊಸ ತಮಟೆ ಮಾಡಿದರು. ಆದ್ಯತೆ ಕಿವಿ ಕೇಳಿಸುವುದಕ್ಕಲ್ಲ, ಕಿವಿ ಅಪಾಯ ಮಾಡದೆ ಇರುವುದಕ್ಕೆ ಅಂತ ಮೊದಲೇ ಹೇಳಿದ್ದರು. ಹಾಗೇ ಆಯಿತು.

ಆಪರೇಷನ್ ಆದರೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಕೊರೆದ ಜಾಗ ಒಳಗೆ ಒಂದು ಗುಳಿಯಾಗಿ ಉಳಿಯುತ್ತದೆ. ಸಾಮಾನ್ಯ ಕಿವಿಯಲ್ಲಿ ಗುಗ್ಗೆ ತಾನಾಗಿ ಹೊರಗೆ ಬರುತ್ತದೆ, ಈ ಗುಳಿಯಿಂದ ಬರುವುದಿಲ್ಲ. ಆಗಾಗ ಹೋಗಿ ಮೈಕ್ರೋಸ್ಕೋಪಿನ ಕೆಳಗೆ ಕಸ ಹೀರುವ ಸಕ್ಷನ್ ಹಾಕಿಸಿಕೊಳ್ಳಬೇಕು. ಕಿವಿಯೊಳಗೇ ಮಿಕ್ಸಿ ಹಾಕಿದಷ್ಟು ಸದ್ದು. ಗಾಳಿಯ ತಂಪಿಗೆ ಒಳಗಿವಿಯ ಸಮತೋಲದ ಭಾಗ ಗಲಿಬಿಲಿಗೊಂಡು ತಲೆ ಗಿರ್ರನೆ ಸುತ್ತುತ್ತದೆ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟಿರುತ್ತೇನೆ. ಆ ಕ್ಯಾಲೆಂಡರೂ ಒಂದು ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಇಷ್ಟೆಲ್ಲ ಮಾಡಿಸಿಕೊಂಡರೂ ನೀರು ಹೋದರೆ ಮತ್ತೆ ಸೋರುತ್ತದೆ. ಸ್ನಾನಕ್ಕೆ ವ್ಯಾಸಲೀನ್ ಹಚ್ಚಿದ ಹತ್ತಿ ಬೇಕೇ ಬೇಕು. ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಅತ್ತೆ ತಲೆಗೆ ನೀರು ಹಾಕಲು ಬಂದರೆ ನಾನು ಹತ್ತಿ ಹುಡುಕುತ್ತಾ ಮನೆಯೆಲ್ಲ ಓಡಾಡುತ್ತಿರುತ್ತೇನೆ.

ಇನ್ನು ಕೇಳುವ ವಿಚಾರ. ಎರಡು ಕಿವಿ ಇರುವುದು ಒಂದು ಕೆಟ್ಟರೆ ಇನ್ನೊಂದಿರಲಿ ಅಂತಲ್ಲ. ಬಲಗಡೆಯಿಂದ ಬಂದ ಶಬ್ದ ಬಲಗಿವಿಗೆ ಒಂದು ಚೂರು ಮೊದಲು, ಒಂದು ಚೂರು ಜೋರಾಗಿ ಮುಟ್ಟುತ್ತದೆ. ಸಮಯದ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮೆದುಳು ಅದರಿಂದಲೇ ಶಬ್ದದ ದಿಕ್ಕು ಹಿಡಿಯುತ್ತದೆ. ನನಗೆ ಆ ಲೆಕ್ಕ ಸಿಗುವುದಿಲ್ಲ. ಮನೆಯಲ್ಲಿ ಮೊಬೈಲ್ ರಿಂಗಾದರೆ ಯಾವ ರೂಮಿನಲ್ಲಿ ಅಂತ ಗೊತ್ತಾಗುವುದಿಲ್ಲ. ಬೆಂಗಳೂರಿನ ರಸ್ತೆ ದಾಟುವಾಗ ಎಲ್ಲ ಹಾರ್ನೂ ಬಲಗಡೆಯಿಂದಲೇ ಬರುತ್ತದೆ. ಗದ್ದಲದಲ್ಲಂತೂ ಒಬ್ಬರ ಮಾತನ್ನು ಆರಿಸಿಕೊಂಡು ಕೇಳುವುದು ಆಗುವುದೇ ಇಲ್ಲ.

ಮದುವೆ ಛತ್ರದಲ್ಲಿ ಪಂಕ್ತಿಗೆ ಕೂತರೆ ನಾನು ಸಾಲಿನ ಎಡತುದಿಯ ಎಲೆಗೆ ಹೊಂಚು ಹಾಕುತ್ತೇನೆ. ಅದು ಸಿಗದಿದ್ದರೆ ಎಡಪಕ್ಕದವರು ಊಟ ಮುಗಿಯುವವರೆಗೆ ನನ್ನ ಜೊತೆ ಮಾತಾಡಿರುತ್ತಾರೆ, ನನಗೆ ಒಂದು ಅಕ್ಷರವೂ ಬಂದಿರುವುದಿಲ್ಲ. ಆಮೇಲೆ "ಆ ಹುಡುಗಿಗೆ ಬೆಂಗಳೂರು ಸೇರಿ ಜಂಬ ಬಂದಿದೆ" ಅನ್ನುವ ಸುದ್ದಿ ನಮ್ಮ ಅಮ್ಮನಿಗೆ ತಲುಪುತ್ತದೆ. ಆಫೀಸಿನ ಮೀಟಿಂಗಿನಲ್ಲೂ ಇದೇ ಕಥೆ, ಅಲ್ಲಿ ಜಂಬದ ಬದಲು 'ಗಮನ ಕಡಿಮೆ' ಅನ್ನುತ್ತಾರೆ. ಒಂದೇ ಒಂದು ಲಾಭ ಇದೆ. ಗಣಪತಿ ಕೂರಿಸಿದಾಗ ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಬೀದಿಯ ಮೈಕು ನನಗೆ ಅಷ್ಟೇನೂ ಕಾಡುವುದಿಲ್ಲ. ಆದರೆ ಮಗು ಸಣ್ಣದಿದ್ದಾಗ ಹಾಗೆ ಮಲಗಲು ಧೈರ್ಯ ಬರುತ್ತಿರಲಿಲ್ಲ. ರಾತ್ರಿಯಿಡೀ ಕೆಟ್ಟ ಕಿವಿಯ ಮೇಲೇ ಮಲಗಿ, ಕತ್ತು ಹಿಡಿದುಕೊಂಡು ಏಳುತ್ತಿದ್ದೆ.

"ಮಿಷನ್ ಹಾಕ್ಕೊಳ್ಳಿ" ಅನ್ನುವವರಿಗೆ ಒಂದು ಮಾತು. ಸೋರುವ ಕಿವಿಯ ಬಾಯಿಗೆ ಆ ಶ್ರವಣ ಸಾಧನದ ಅಚ್ಚು ತುರುಕಿದರೆ ಗಾಳಿಯಾಡದೆ ಇನ್ನೂ ಸೋರುತ್ತದೆ. ಮೂಳೆಯ ಮೂಲಕ ಶಬ್ದ ಕಳಿಸುವ ಸಾಧನಗಳಿವೆ, ನನ್ನಂಥವರಿಗೆ ಹೊಂದುತ್ತವೆ. ಆದರೆ ತಲೆಬುರುಡೆಗೆ ಕೂರಿಸುವ ಅಂಥ ಸಾಧನಕ್ಕೆ ಲಕ್ಷಗಳಲ್ಲಿ ಖರ್ಚು.

ಕಾನೂನಿನ ಕಣ್ಣಿಗಂತೂ ನನಗೆ ಏನೂ ಆಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನ ನಷ್ಟವನ್ನು ಮಾತ್ರ. ನನಗೆ ಸರ್ಟಿಫಿಕೇಟ್ ಬೇಕು ಅಂತ ಈ ಜಗಳ ಅಲ್ಲ. ನನಗಿಂತ ಕಷ್ಟದಲ್ಲಿರುವವರಿಗೆ ಅದು ಮೊದಲು ಸಿಗಲಿ. ಆದರೆ ತರಗತಿಯಲ್ಲಿ ಒಳ್ಳೆಯ ಕಿವಿ ಟೀಚರ್ ಕಡೆ ಬರುವ ಹಾಗೆ ಮಗುವನ್ನು ಮುಂದೆ ಕೂರಿಸಲು ಯಾವ ಕಾಯ್ದೆ ಬೇಕು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಡಾಕ್ಟರ ತಂಡ ಬಂದು ತಪಾಸಣೆ ಮಾಡಬೇಕು, ಅದರ ಪಟ್ಟಿಯಲ್ಲಿ ಕಿವಿ ಸೋಂಕೂ ಸೇರಿದೆ. ತಂಡ ಬಂದ ದಿನ ಸೋರುವ ಕಿವಿಯ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ ಅಷ್ಟೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಕಿವಿ ಪರೀಕ್ಷೆಗೆ ನಮ್ಮ ರಾಜ್ಯದವರು ಎಲ್ಲೋ ದೂರ ಹೋಗಬೇಕಾಗಿಲ್ಲ.

ಈ ಬೇಸಿಗೆಯಲ್ಲಿ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಚಿಕ್ಕವನ ಕಿವಿ ಎರಡು ತಿಂಗಳಿಂದ ಸೋರ್ತಿದೆ, ನೋವೇನಿಲ್ಲ, ಎಣ್ಣೆ ಬಿಡ್ಲಾ?" ನಾನು ಬೈದೇ ಬೈದೆ. ಮರುದಿನವೇ ಇಎನ್‌ಟಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ತಮಟೆಯ ನಡುವೆ ಸಣ್ಣ ತೂತು, ನನಗಿದ್ದ ಥರದ್ದಲ್ಲ. ಹತ್ತಿಯಿಂದ ಒರೆಸಿ ಹನಿ ಹಾಕಿದ್ದಕ್ಕೆ ಈಗ ಒಣಗಿದೆ. ಆರು ತಿಂಗಳು ನೋಡೋಣ, ಮುಚ್ಚದಿದ್ದರೆ ಆಪರೇಷನ್ ಬಗ್ಗೆ ಯೋಚಿಸೋಣ ಅಂದಿದ್ದಾರೆ. ಅಲ್ಲಿಯವರೆಗೆ ಹೊಳೆಗೆ ಇಳಿಯುವ ಹಾಗಿಲ್ಲ. ರಜೆಯೆಲ್ಲ ಅಣ್ಣಂದಿರು ತುಂಗೆಯಲ್ಲಿ ಈಜುತ್ತಿದ್ದರೆ ಇವನು ದಡದಲ್ಲಿ ಅವರ ಬಟ್ಟೆ ಕಾಯುತ್ತಾ ಕೂತಿದ್ದ. ಇದೆಲ್ಲ ಮಾಮಿಯ ಕೆಲಸ ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಈಗ ಫೋನಿನಲ್ಲಿ ನನ್ನ ಜೊತೆ ಮಾತೇ ಆಡುತ್ತಿಲ್ಲ.