ಒಂದು ಚಪ್ಪಾಳೆಗೆ ಇಷ್ಟು ಜಗಳವಾ?

‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ಅಂತೂ ಮುಗಿಸಿದೆ. ಜಪಾನಿನ ಟಿವಿಯಲ್ಲಿ 1995-96ರಲ್ಲಿ ಬಂದ ಅನಿಮೆ, ಅಂದರೆ ಅಲ್ಲಿನ ಕಾರ್ಟೂನ್ ಧಾರಾವಾಹಿ, 26 ಕಂತು. ಅಷ್ಟೂ ದಿನ ದೈತ್ಯ ಯಂತ್ರಗಳ ಹೊಡೆದಾಟ ತೋರಿಸಿ, ಕೊನೆಯ ಎರಡು ಕಂತಲ್ಲಿ ಕಥಾನಾಯಕ ಹುಡುಗ ಶಿಂಜಿಯನ್ನು ಒಂದು ಕುರ್ಚಿ ಮೇಲೆ ಕೂರಿಸಿ, ಅವನ ತಲೆಯೊಳಗಿನ ಗೊಂದಲವನ್ನೇ ಕೇಳಿಸಿ, ನಡುವೆ ಗೀಚಿದಂಥ ಚಿತ್ರ ತುರುಕಿ, ಆಮೇಲೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ‘ಅಭಿನಂದನೆ’ ಅಂದುಬಿಟ್ಟರು. ಮುಗೀತು!

ನನ್ನ ಸಿಟ್ಟು ಅದರ ಮೇಲಲ್ಲ, ನೋಡಿದವರ ಮೇಲೆ. ಇಷ್ಟ ಆಯ್ತು ಅಂದರೆ ತಮ್ಮ, ‘ಸುಮ್ನೆ ನಾಟಕ ಆಡ್ಬೇಡ ಅಣ್ಣ, ಅವಸರಕ್ಕೆ ಏನೋ ಸುತ್ತಿ ಕೊಟ್ಟಿದ್ದಾರೆ’ ಅನ್ನುತ್ತಾನೆ. ಅರ್ಥ ಆಗಲಿಲ್ಲ ಅಂದರೆ ಗೆಳೆಯ, ‘ನಿನಗದು ದಕ್ಕಲ್ಲ ಬಿಡು’ ಅಂತ ಪಾಠ ಶುರು ಮಾಡುತ್ತಾನೆ. ಅರ್ಧ ತಲೆ ಮೇಲೆ ಹೋಯಿತು, ಆದರೂ ಕಣ್ಣು ಒದ್ದೆಯಾಯಿತು. ಎರಡೂ ಒಟ್ಟಿಗೆ ಆಗಬಾರದಾ?

ನಿರ್ದೇಶಕ ಹಿದೆಯಾಕಿ ಅನ್ನೋ (ಹೆಸರೇ ಅನ್ನೋ, ಜನ ಅನ್ನದೆ ಬಿಡ್ತಾರಾ!) 1997ರಲ್ಲಿ ಸಿನಿಮಾ ಮಾಡಿ ಬೇರೆ ಕೊನೆ ಕೊಟ್ಟರು. ಅದು ಇನ್ನೂ ವಿಚಿತ್ರ. ಅದನ್ನು ನೋಡಿದೆ ಅಂತ ಈ ಇಬ್ಬರಿಗೂ ನಾನಿನ್ನೂ ಹೇಳಿಲ್ಲ.